ರೆಗ್ಯುಲೇಟರ್ ಡಬ್ಬಿಯ ಪಾಯಿಂಟ್ ನಡುಗುತ್ತಿದ್ದರೆ ಅದು ಕೆಟ್ಟಿದೆಯೇ?

ಪ್ರಶ್ನೆ: ನನ್ನ ಬಳಿ 12 ವೋಲ್ಟಿನ ಡೈನಮೋ (ಇಂಜಿನ್ನಿನ ಬಲದಿಂದ ತಿರುಗಿ ಬ್ಯಾಟರಿ ತುಂಬಿಸುವ ಜನರೇಟರ್) ಇರುವ ಹಳೆಯ ಕಾರೊಂದಿದೆ. ಹಗಲು ಹೊತ್ತು ದೂರ ಓಡಿಸಿದರೆ ಬ್ಯಾಟರಿಯ ನೀರು ಬೇಗ ಇಳಿಯುತ್ತದೆ, ಬಿರಡೆಗಳ ಸುತ್ತ ಆ್ಯಸಿಡ್ ಹನಿ ಕಾಣುತ್ತದೆ. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಹೋದಾಗ ಈ ತೊಂದರೆ ಇಲ್ಲ. ಡೈನಮೋದ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಒಳಗೆ ಎರಡು ಕಾಯಿಲ್‌ಗಳಿವೆ. ಇಂಜಿನ್ ಓಡುವಾಗ ಒಂದರ ಪಾಯಿಂಟ್ (ಕೂಡಿ ಬಿಡುವ ಲೋಹದ ಸಂಪರ್ಕ) ಮುಚ್ಚಿಕೊಂಡು ಸುಮ್ಮನಿರುತ್ತದೆ, ಇನ್ನೊಂದರದು ಝುಂಯ್ ಎಂದು ನಡುಗುತ್ತ ಸಣ್ಣ ನೀಲಿ ಕಿಡಿ ಹಾರಿಸುತ್ತದೆ. ಮೆಕ್ಯಾನಿಕ್ ಒಬ್ಬರು ‘ಪಾಯಿಂಟ್ ಹೋಗಿದೆ, ಸ್ಕ್ರೂ ಸ್ವಲ್ಪ ತಿರುಗಿಸಿದರೆ ಸರಿಹೋಗುತ್ತೆ’ ಅನ್ನುತ್ತಾರೆ. ತೆರೆಯುವುದು, ಮುಚ್ಚುವುದು ಬಿಟ್ಟು ಬೇರೇನೂ ಬಾರದ ಈ ಸ್ವಿಚ್ಚು ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿಯುವುದಾದರೂ ಹೇಗೆ? ಸ್ಕ್ರೂ ತಿರುಗಿಸಲೇ, ಬೇಡವೇ?

ಉತ್ತರ: ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ. ಆ ಪಾಯಿಂಟ್ ಇರುವುದೇ ನಡುಗುವುದಕ್ಕೆ. ಇಂಜಿನ್ ವೇಗದಲ್ಲಿ ಓಡುತ್ತಿರುವಾಗ ಅದು ನಡುಗದೆ ಕೂತಿದ್ದರೆ ನಾನು ಹೆಚ್ಚು ಚಿಂತಿಸುತ್ತಿದ್ದೆ. ನೀವು ಕೊಟ್ಟ ಲಕ್ಷಣಗಳನ್ನು ಒಟ್ಟಿಗೆ ನೋಡಿದರೆ ರೆಗ್ಯುಲೇಟರ್ ಸತ್ತಿಲ್ಲ, ವೋಲ್ಟೇಜನ್ನು ಹಿಡಿಯುತ್ತಲೇ ಇದೆ. ಬಹುಶಃ ಹಿಡಿಯಬೇಕಾದ ಮಟ್ಟಕ್ಕಿಂತ ಮೇಲೆ ಹಿಡಿದಿದೆ. ಯಾಕೆ ಮೇಲೆ ಹಿಡಿದಿದೆ ಎಂದು ತಿಳಿಯದೆ ಸ್ಕ್ರೂ ತಿರುಗಿಸಿದರೆ ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಮುಚ್ಚಿದಂತಾಗುತ್ತದೆ. ಅದಕ್ಕೇ ಈ ಡಬ್ಬಿ ಹೇಗೆ ಯೋಚಿಸುತ್ತದೆ ಎಂಬುದರಿಂದ ಶುರುಮಾಡುತ್ತೇನೆ.

ಡೈನಮೋದಿಂದ ಎಷ್ಟು ವೋಲ್ಟೇಜ್ ಬರುತ್ತದೆ ಅನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ: ಒಳಗೆ ತಿರುಗುವ ಸುರುಳಿ, ಅಂದರೆ ಆರ್ಮೇಚರ್, ಎಷ್ಟು ವೇಗವಾಗಿ ತಿರುಗುತ್ತಿದೆ, ಮತ್ತು ಅದರ ಸುತ್ತಲಿನ ಕಾಂತಕ್ಷೇತ್ರ ಎಷ್ಟು ಬಲವಾಗಿದೆ. ವೇಗ ನಮ್ಮ ಕೈಯಲ್ಲಿಲ್ಲ. ಅದು ಚಾಲಕನ ಕಾಲಿನ ಕೆಳಗಿದೆ. ಐಡಲಿಂಗ್‌ನಿಂದ ಹಿಡಿದು ಪೂರ್ತಿ ವೇಗದವರೆಗೆ ಇಂಜಿನ್ ಐದಾರು ಪಟ್ಟು ಹೆಚ್ಚು ತಿರುಗುತ್ತದೆ, ಬೆಲ್ಟಿನ ಹಿಂದೆ ಡೈನಮೋ ಕೂಡ ಅಷ್ಟೇ ಪಟ್ಟು. ಹಿಡಿತ ಹಾಕಲು ನಮಗೆ ಉಳಿಯುವುದು ಕಾಂತಕ್ಷೇತ್ರ ಒಂದೇ. ಆ ಕ್ಷೇತ್ರವನ್ನು ಹುಟ್ಟಿಸುವುದು ಡೈನಮೋದ ಹೊರಕವಚಕ್ಕೆ ಅಂಟಿಕೊಂಡಿರುವ ಫೀಲ್ಡ್ ಕಾಯಿಲ್. ಅದಕ್ಕೆ ವಿದ್ಯುತ್ ಕೊಡುವುದೂ ಡೈನಮೋವೇ. ಕಬ್ಬಿಣದಲ್ಲಿ ಉಳಿದುಕೊಂಡಿರುವ ಚೂರು ಕಾಂತತ್ವದಿಂದ ಒಂದೆರಡು ವೋಲ್ಟ್ ಹುಟ್ಟುತ್ತದೆ, ಅದು ಫೀಲ್ಡಿಗೆ ಹೋಗಿ ಕಾಂತ ಬಲಿಯುತ್ತದೆ, ವೋಲ್ಟೇಜ್ ಏರುತ್ತದೆ, ಏರಿದ ವೋಲ್ಟೇಜು ಮತ್ತಷ್ಟು ಕರೆಂಟನ್ನು ಫೀಲ್ಡಿಗೆ ತಳ್ಳುತ್ತದೆ. ತಡೆಯುವವರಿಲ್ಲದಿದ್ದರೆ ಈ ಏರಿಕೆ ಬಲ್ಬುಗಳನ್ನು ಸುಟ್ಟೇ ನಿಲ್ಲುವುದು.

ತಡೆಯುವವರಿಲ್ಲದ ಕಾಲವೂ ಒಂದಿತ್ತು. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಬ್ಯಾಟರಿಯೂ ಅದನ್ನು ತುಂಬಿಸುವ ಏರ್ಪಾಡೂ ಕಾರಿನ ಅಂಗಗಳಾದವು. ಮುಂದೆ ಬಹಳ ವರ್ಷ ಅಗ್ಗದ ಕಾರುಗಳಲ್ಲಿ ‘ಮೂರನೇ ಬ್ರಶ್’ ಎಂಬ ಉಪಾಯ ನಡೆಯಿತು. ಬ್ರಶ್ ಎಂದರೆ ತಿರುಗುವ ಆರ್ಮೇಚರಿಗೆ ಒತ್ತಿಕೊಂಡು ಕರೆಂಟ್ ತೆಗೆಯುವ ಕಾರ್ಬನ್ ತುಂಡು. ಫೋರ್ಡಿನ ಮಾಡೆಲ್ ಟಿ ಮತ್ತು ಮಾಡೆಲ್ ಎ ಕಾರುಗಳಲ್ಲಿ ಇದ್ದದ್ದು ಅದೇ. ಫೀಲ್ಡಿಗೆ ಹೋಗುವ ಕರೆಂಟನ್ನು ಮುಖ್ಯ ಬ್ರಶ್‌ನಿಂದ ತೆಗೆಯದೆ ನಡುವಿನ ಒಂದು ಬ್ರಶ್‌ನಿಂದ ತೆಗೆದರೆ, ಡೈನಮೋ ಹೆಚ್ಚು ಕರೆಂಟ್ ಕೊಟ್ಟಂತೆಲ್ಲ ಅದರ ಕಾಂತಕ್ಷೇತ್ರ ತಿರುಚಿಕೊಂಡು ಆ ಬ್ರಶ್ಶಿಗೆ ಸಿಗುವ ವೋಲ್ಟೇಜ್ ತಾನಾಗಿ ಕಡಿಮೆಯಾಗುತ್ತದೆ. ಜಾಣತನವೇನೋ ಹೌದು, ಆದರೆ ಅದು ಕಾಯುತ್ತಿದ್ದದ್ದು ಕರೆಂಟನ್ನು ಮಾತ್ರ. ವೋಲ್ಟೇಜಿನ ಗೊಡವೆ ಅದಕ್ಕಿರಲಿಲ್ಲ. ಬ್ಯಾಟರಿ ತುಂಬಿದ್ದರೂ ಅಷ್ಟೇ ಕರೆಂಟ್, ಖಾಲಿಯಿದ್ದರೂ ಅಷ್ಟೇ. ಓಡುವಾಗ ಬ್ಯಾಟರಿಯ ವೈರ್ ಕಳಚಿಕೊಂಡರೆ ಬಲ್ಬುಗಳ ಕತೆ ಮುಗಿಯಿತು. ದೂರ ಪ್ರಯಾಣಕ್ಕೆ ಮುಂಚೆ ಮಾಲೀಕರೇ ಆ ಬ್ರಶ್ಶನ್ನು ಅತ್ತಿತ್ತ ಸರಿಸಿಕೊಳ್ಳಬೇಕಿತ್ತು. ನಡುಗುವ ಪಾಯಿಂಟ್ ಬಂದು ಆ ಕಷ್ಟವನ್ನು ಕೊನೆಗಾಣಿಸಿತು.

ಈಗ ಆ ಪಾಯಿಂಟಿಗೆ ಬರೋಣ. ನಿಮ್ಮ ಡಬ್ಬಿಯಲ್ಲಿ ನಡುಗುವ ಭಾಗದ ಕಾಯಿಲನ್ನು ಗಮನಿಸಿ. ಅದರಲ್ಲಿ ಕೂದಲಿನಂಥ ತಂತಿಯ ನೂರಾರು ಸುತ್ತುಗಳಿವೆ. ಅದರ ಒಂದು ತುದಿ ಡೈನಮೋದ ಔಟ್‌ಪುಟ್ಟಿಗೆ, ಇನ್ನೊಂದು ತುದಿ ಅರ್ತಿಗೆ, ಎಂದರೆ ಕಾರಿನ ಲೋಹದ ಮೈಗೆ. ಅಂದರೆ ಅದು ಹಗಲಿರುಳೂ ಡೈನಮೋದ ವೋಲ್ಟೇಜನ್ನು ಸವಿದು ನೋಡುತ್ತಿರುತ್ತದೆ. ಕಾಯಿಲ್ ಮೇಲೆ ಕಬ್ಬಿಣದ ಒಂದು ನಾಲಗೆ, ಅದನ್ನು ಮೇಲಕ್ಕೆ ಎಳೆದು ಹಿಡಿದಿರುವ ಒಂದು ಸ್ಪ್ರಿಂಗ್. ನಾಲಗೆ ಮೇಲಿದ್ದಾಗ ಪಾಯಿಂಟ್ ಮುಚ್ಚಿರುತ್ತದೆ, ಫೀಲ್ಡಿಗೆ ಪೂರ್ತಿ ಕರೆಂಟ್ ಹೋಗುತ್ತದೆ. ವೋಲ್ಟೇಜ್ ಏರಿ ಕಾಯಿಲಿನ ಸೆಳೆತ ಸ್ಪ್ರಿಂಗನ್ನು ಮೀರಿದ ಕ್ಷಣ ನಾಲಗೆ ಕೆಳಗೆ ಬೀಳುತ್ತದೆ, ಪಾಯಿಂಟ್ ತೆರೆಯುತ್ತದೆ.

ಬಹಳ ಜನ ಇಲ್ಲಿ ತಪ್ಪು ತಿಳಿಯುತ್ತಾರೆ. ಪಾಯಿಂಟ್ ತೆರೆದರೆ ಡೈನಮೋದ ಔಟ್‌ಪುಟ್ ಕಡಿಯುವುದಿಲ್ಲ. ಬ್ಯಾಟರಿಗೆ ಹೋಗುವ ದಪ್ಪ ವೈರಿಗೂ ಈ ಪಾಯಿಂಟಿಗೂ ನೇರ ಸಂಬಂಧವೇ ಇಲ್ಲ. ಫೀಲ್ಡ್ ಕೂಡ ಪೂರ್ತಿ ಕಡಿಯುವುದಿಲ್ಲ. ಪಾಯಿಂಟಿಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಇದೆ, ಸಾಮಾನ್ಯವಾಗಿ ಡಬ್ಬಿಯ ಬೆನ್ನಿಗೆ ಕಟ್ಟಿರುತ್ತಾರೆ. ಪಾಯಿಂಟ್ ಮುಚ್ಚಿದ್ದಾಗ ಕರೆಂಟ್ ಪಾಯಿಂಟಿನ ಸುಲಭ ದಾರಿಯಲ್ಲಿ ಹೋಗುತ್ತದೆ, ತೆರೆದಾಗ ರೆಸಿಸ್ಟರಿನ ಕಷ್ಟದ ದಾರಿ ಹಿಡಿಯುತ್ತದೆ. ಫೀಲ್ಡ್ ಸೊರಗಿ ವೋಲ್ಟೇಜ್ ಇಳಿಯುತ್ತದೆ, ಕಾಯಿಲಿನ ಸೆಳೆತ ಕಡಿಮೆಯಾಗುತ್ತದೆ, ಸ್ಪ್ರಿಂಗ್ ಗೆದ್ದು ಪಾಯಿಂಟನ್ನು ಮತ್ತೆ ಮುಚ್ಚುತ್ತದೆ. ವೋಲ್ಟೇಜ್ ಮತ್ತೆ ಏರುತ್ತದೆ. ಈ ಜಗ್ಗಾಟ ಒಂದು ಸೆಕೆಂಡಿನಲ್ಲಿ ಹತ್ತಾರು ಸಲ, ಕೆಲವು ವಿನ್ಯಾಸಗಳಲ್ಲಿ ನೂರಕ್ಕೂ ಹೆಚ್ಚು ಸಲ ನಡೆಯುತ್ತದೆ. ನೀವು ಕೇಳಿದ ಝುಂಯ್ ಸದ್ದು ಅದೇ.

‘ತೆರೆ, ಮುಚ್ಚು ಬಿಟ್ಟು ಬೇರೇನೂ ಬಾರದ ಸ್ವಿಚ್ಚು’ ಎಂದಿರಲ್ಲ, ಆ ಮಾತು ನಿಜ. ಆದರೆ ಎಷ್ಟು ಹೊತ್ತು ತೆರೆದಿರಬೇಕು ಎಂಬುದು ಅದಕ್ಕೆ ಗೊತ್ತಿದೆ. ಲೆಕ್ಕ ಹಾಕಿಯೇ ನೋಡೋಣ. ನಿಮ್ಮ ಕಾರಿನ ಕಾಲದ 12 ವೋಲ್ಟ್ ಡೈನಮೋಗಳಲ್ಲಿ ಫೀಲ್ಡ್ ಕಾಯಿಲ್ ಸುಮಾರು 6 ಓಮ್ ಇರುತ್ತದೆ. ರೆಗ್ಯುಲೇಟರಿನ ರೆಸಿಸ್ಟರ್ 60 ಓಮ್ ಎಂದಿಟ್ಟುಕೊಳ್ಳಿ. ಪಾಯಿಂಟ್ ಮುಚ್ಚಿಯೇ ಇದ್ದರೆ 14 ವೋಲ್ಟಿನಲ್ಲಿ ಫೀಲ್ಡಿಗೆ 2.3 ಆ್ಯಂಪಿಯರ್ ಹೋಗುತ್ತದೆ. ತೆರೆದೇ ಇದ್ದರೆ ದಾರಿಯಲ್ಲಿ 66 ಓಮ್, ಕರೆಂಟ್ ಬರೀ 0.2 ಆ್ಯಂಪಿಯರ್. ಈ ಎರಡು ತುದಿಗಳ ನಡುವೆ ಬೇಕಾದ ಯಾವ ಮಟ್ಟವನ್ನಾದರೂ ನಡುಗುವ ಪಾಯಿಂಟ್ ಒದಗಿಸಬಲ್ಲದು. ಫೀಲ್ಡ್ ಕಾಯಿಲ್ ಎಂದರೆ ಕಬ್ಬಿಣಕ್ಕೆ ಸುತ್ತಿದ ಸಾವಿರಾರು ಅಡಿ ತಂತಿಯಲ್ಲದಿದ್ದರೂ ಸಾಕಷ್ಟು ದೊಡ್ಡ ಸುರುಳಿ. ಅದರಲ್ಲಿ ಹರಿಯುವ ಕರೆಂಟ್ ತಟ್ಟನೆ ಏರುವುದೂ ಇಲ್ಲ, ತಟ್ಟನೆ ಇಳಿಯುವುದೂ ಇಲ್ಲ. ಭಾರದ ಬೀಸುವ ಕಲ್ಲನ್ನು ಆಗಾಗ ತಳ್ಳುತ್ತಿದ್ದರೂ ಅದು ಒಂದೇ ಹದದಲ್ಲಿ ತಿರುಗುತ್ತದಲ್ಲ, ಹಾಗೆ. ಪಾಯಿಂಟಿನ ಕುಣಿತ ಫೀಲ್ಡಿಗೆ ತಲಪುವ ಹೊತ್ತಿಗೆ ಸರಾಸರಿಯಾಗಿ ಮೃದುವಾಗಿರುತ್ತದೆ.

ಆ ವೇಗಕ್ಕೆ ಫೀಲ್ಡಿನಲ್ಲಿ 1 ಆ್ಯಂಪಿಯರ್ ಸಾಕು ಎನ್ನೋಣ. ಆಗ ದಾರಿಯಲ್ಲಿ ಒಟ್ಟು 14 ಓಮ್ ಇದ್ದಂತೆ ಆಗಬೇಕು. ಫೀಲ್ಡ್ ಕಾಯಿಲಿನ 6 ಕಳೆದರೆ 8 ಓಮ್. 60ರಲ್ಲಿ 8 ಎಂದರೆ ಶೇ. 13ರಷ್ಟು. ಪಾಯಿಂಟ್ ಶೇ. 13ರಷ್ಟು ಹೊತ್ತು ತೆರೆದಿದ್ದರೆ ಕೆಲಸವಾಯಿತು. ವೇಗ ಇನ್ನೂ ಏರಿ 0.4 ಆ್ಯಂಪಿಯರ್ ಸಾಕಾದರೆ ಸುಮಾರು ಅರ್ಧ ಹೊತ್ತು ತೆರೆದಿರಬೇಕು. ಈ ಲೆಕ್ಕವನ್ನು ಯಾರೂ ರೆಗ್ಯುಲೇಟರಿಗೆ ಹೇಳಿಕೊಟ್ಟಿಲ್ಲ. ವೇಗ ಹೆಚ್ಚಿದರೆ ಮುಚ್ಚಿದ ಮೇಲೆ ವೋಲ್ಟೇಜ್ ಬೇಗ ಏರುತ್ತದೆ, ತೆರೆದ ಮೇಲೆ ನಿಧಾನವಾಗಿ ಇಳಿಯುತ್ತದೆ, ತೆರೆದಿರುವ ಹೊತ್ತು ತಾನಾಗಿ ಹೆಚ್ಚುತ್ತದೆ. ಇದೇ ಕೆಲಸಕ್ಕೆ ಈಗ ಟ್ರಾನ್ಸಿಸ್ಟರನ್ನು ಆನ್-ಆಫ್ ಮಾಡಿ ಅದಕ್ಕೊಂದು ದೊಡ್ಡ ಹೆಸರು ಕೊಟ್ಟಿದ್ದಾರೆ. ತತ್ವ ನಿಮ್ಮ ಡಬ್ಬಿಯದ್ದೇ.

ನೀಲಿ ಕಿಡಿಗೂ ಇದೇ ಲೆಕ್ಕದಲ್ಲಿ ಉತ್ತರವಿದೆ. ಪಾಯಿಂಟ್ ತೆರೆದ ಕ್ಷಣದಲ್ಲೂ ಫೀಲ್ಡಿನ ಕರೆಂಟ್ 1 ಆ್ಯಂಪಿಯರ್ ಆಗಿಯೇ ಹರಿಯಬೇಕೆನ್ನುತ್ತದೆ. ಅದು 60 ಓಮಿನ ಮೂಲಕ ಹೋಗಬೇಕಾದರೆ ಪಾಯಿಂಟಿನ ಎರಡು ಕಡೆಗಳ ನಡುವೆ ಆ ಗಳಿಗೆಗೆ 60 ವೋಲ್ಟ್ ನಿಲ್ಲುತ್ತದೆ. 12 ವೋಲ್ಟಿನ ಕಾರಿನಲ್ಲಿ 60 ವೋಲ್ಟಿನ ಕಿಡಿ! ರೆಸಿಸ್ಟರ್ ಇಲ್ಲದಿದ್ದರೆ ಅದು ನೂರಾರು ವೋಲ್ಟಿಗೆ ಹಾರಿ ಪಾಯಿಂಟನ್ನು ಕೆಲವೇ ದಿನಗಳಲ್ಲಿ ತಿಂದುಹಾಕುತ್ತಿತ್ತು. ಹಾಗಾಗಿ ಚಿಕ್ಕ, ನೀಲಿಯಾದ, ಒಂದೇ ಸಮನೆ ಕಾಣುವ ಕಿಡಿ ಸಹಜ. ಕಿಡಿ ದಪ್ಪವಾಗಿ ಹಳದಿಗೆ ತಿರುಗಿ ಚಟಚಟ ಎನ್ನತೊಡಗಿದರೆ ರೆಸಿಸ್ಟರ್ ತುಂಡಾಗಿದೆಯೇ, ಫೀಲ್ಡ್ ಕಾಯಿಲ್ ಎಲ್ಲಾದರೂ ಶಾರ್ಟ್ ಆಗಿ ಹೆಚ್ಚು ಕರೆಂಟ್ ಎಳೆಯುತ್ತಿದೆಯೇ ಎಂದು ಓಮ್ ಮೀಟರ್ ಹಿಡಿದು ನೋಡಬೇಕು. ಇನ್ನೊಂದು ಮಾತು: ರೇಡಿಯೊದ ಗರಗರ ಸದ್ದು ತಡೆಯಲು ಯಾರಾದರೂ ಡೈನಮೋದ ಎಫ್ ಟರ್ಮಿನಲ್ಲಿಗೆ (ಫೀಲ್ಡಿನ ವೈರ್ ಸೇರುವ ತುದಿ) ಕಂಡೆನ್ಸರ್ ಕಟ್ಟಿದ್ದರೆ ಇವತ್ತೇ ಬಿಚ್ಚಿಹಾಕಿ. ಪಾಯಿಂಟ್ ಮುಚ್ಚಿದಾಗಲೆಲ್ಲ ಆ ಕಂಡೆನ್ಸರಿನ ಕರೆಂಟು ಒಮ್ಮೆಗೇ ಪಾಯಿಂಟಿನ ಮೂಲಕ ನುಗ್ಗಿ ಅದನ್ನು ಸುಡುತ್ತದೆ. ಕಂಡೆನ್ಸರಿನ ಜಾಗ ಡಿ ಟರ್ಮಿನಲ್, ಅಂದರೆ ಡೈನಮೋದ ಔಟ್‌ಪುಟ್ ಹೊರಬರುವ ತುದಿ.

ಇಷ್ಟು ಹೊತ್ತು ಕಾಯಿಲನ್ನೇ ಹೊಗಳಿದೆ. ನಿಜವಾದ ಯಜಮಾನ ಸ್ಪ್ರಿಂಗ್. ಎಷ್ಟು ವೋಲ್ಟೇಜಿಗೆ ‘ಸಾಕು’ ಎನ್ನಬೇಕು ಎಂಬ ನಿರ್ಧಾರ ಇಡೀ ಡಬ್ಬಿಯಲ್ಲಿ ಬರೆದಿಟ್ಟಿರುವುದು ಆ ಸ್ಪ್ರಿಂಗಿನ ಬಿಗುವಿನಲ್ಲಿ. ತಕ್ಕಡಿಯ ಒಂದು ತಟ್ಟೆಯಲ್ಲಿ ಸ್ಪ್ರಿಂಗ್ ಎಂಬ ತೂಕದ ಬಟ್ಟು, ಇನ್ನೊಂದರಲ್ಲಿ ಕಾಯಿಲಿನ ಸೆಳೆತ. ಬಟ್ಟು ಬದಲಾದರೂ ತೂಕ ತಪ್ಪುತ್ತದೆ, ಬಟ್ಟು ಸರಿಯಿದ್ದು ಸೆಳೆತ ಮೋಸ ಮಾಡಿದರೂ ತಪ್ಪುತ್ತದೆ. ಸೆಳೆತ ಮೋಸ ಮಾಡುವ ದಾರಿಗಳು ಹಲವು.

ಅವುಗಳಲ್ಲಿ ಮುಖ್ಯವಾದದ್ದು ಬಿಸಿ. ತಾಮ್ರದ ತಂತಿ ಬಿಸಿಯಾದರೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಅದರ ರೆಸಿಸ್ಟೆನ್ಸ್ ಸುಮಾರು ಶೇ. 0.39ರಷ್ಟು ಹೆಚ್ಚುತ್ತದೆ. ಕಾಯಿಲ್ 20 ಡಿಗ್ರಿ ಬಿಸಿಯೇರಿದರೆ ಶೇ. 8ರ ಹತ್ತಿರ. ಅಷ್ಟೇ ಸೆಳೆತ ಹುಟ್ಟಲು ಈಗ ಅಷ್ಟು ಹೆಚ್ಚು ವೋಲ್ಟೇಜ್ ಬೇಕು. ತಣ್ಣಗಿದ್ದಾಗ 14.5ಕ್ಕೆ ‘ಸಾಕು’ ಎಂದಿದ್ದ ಡಬ್ಬಿ, ಬಿಸಿಯಾದಾಗ 15.6ಕ್ಕೆ ಹೇಳುತ್ತದೆ. ಬ್ಯಾಟರಿಗೆ ಬೇಕಾಗಿರುವುದು ಇದಕ್ಕೆ ನೇರ ಉಲ್ಟಾ: ಬಿಸಿಯಾದಾಗ ಕಡಿಮೆ ವೋಲ್ಟೇಜ್, ಚಳಿಯಲ್ಲಿ ಹೆಚ್ಚು. ಆದ್ದರಿಂದ ವಿನ್ಯಾಸಕಾರರು ಒಂದೆರಡು ಉಪಾಯಗಳನ್ನು ಒಟ್ಟಿಗೆ ಹೂಡಿದರು. ಕಾಯಿಲಿನ ಜೊತೆಗೆ ಸಾಲಿನಲ್ಲಿ, ಬಿಸಿಗೆ ಬದಲಾಗದ ಮಿಶ್ರಲೋಹದ ಒಂದು ರೆಸಿಸ್ಟರ್ ಸೇರಿಸಿದರೆ ತಾಮ್ರದ ಚಂಚಲತೆ ಒಟ್ಟು ಲೆಕ್ಕದಲ್ಲಿ ಚಿಕ್ಕದಾಗಿ ಕಾಣುತ್ತದೆ. ನಾಲಗೆಯನ್ನು ಹಿಡಿದ ಸ್ಪ್ರಿಂಗನ್ನೇ ಎರಡು ಲೋಹಗಳ ಪಟ್ಟಿಯಿಂದ ಮಾಡಿದರೆ ಬಿಸಿಯೇರಿದಂತೆ ಅದು ಬಾಗಿ ತನ್ನ ಬಿಗುವನ್ನು ತಾನೇ ಸಡಿಲಿಸುತ್ತದೆ. ಬಟ್ಟೇ ಹವೆ ನೋಡಿಕೊಂಡು ಹಗುರಾಗುವ ತಕ್ಕಡಿ ಎನ್ನಿ. ಸಾಮಾನ್ಯ ಕಬ್ಬಿಣ, ತಂತಿ, ತಗಡುಗಳಲ್ಲಿ ಇಷ್ಟು ಸೂಕ್ಷ್ಮ ಕೆಲಸ ಮಾಡಿಸಿದ್ದಾರಲ್ಲ ಎಂದು ನನಗೆ ಇವತ್ತಿಗೂ ಈ ಪಟ್ಟಿಯನ್ನು ಕಂಡರೆ ಖುಷಿ.

ಎರಡನೆಯದು ಗ್ಯಾಪ್. ಕಾಯಿಲಿನ ನಡುಗಬ್ಬಿಣಕ್ಕೂ ನಾಲಗೆಗೂ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚಿದರೂ ಸೆಳೆತ ಬಹಳ ಕುಗ್ಗುತ್ತದೆ, ವೋಲ್ಟೇಜ್ ಮೇಲೇರುತ್ತದೆ. ಹಿಂದೆ ಯಾರೋ ಪಾಯಿಂಟನ್ನು ಉಜ್ಜಿ ಸವೆಸಿದ್ದರೆ ಅಥವಾ ನಾಲಗೆಯನ್ನು ಬೆರಳಿನಿಂದ ಬಗ್ಗಿಸಿದ್ದರೆ ಅಲ್ಲೇ ಸೆಟಿಂಗ್ ತಪ್ಪಿರುತ್ತದೆ. ಅದಕ್ಕೇ ಕಂಪನಿಗಳ ಕೈಪಿಡಿಗಳು ಗ್ಯಾಪ್ ಮೊದಲು, ವೋಲ್ಟೇಜ್ ಆಮೇಲೆ ಎಂಬ ಕ್ರಮವನ್ನು ಹೇಳುತ್ತವೆ.

ಮೂರನೆಯದು ಅರ್ತ್. ನಿಮ್ಮ ವಿಷಯದಲ್ಲಿ ನನ್ನ ಮೊದಲ ಅನುಮಾನ ಇದರ ಮೇಲೆ. ಕಾಯಿಲಿನ ಇನ್ನೊಂದು ತುದಿ ಅರ್ತಿಗೆ ಹೋಗುತ್ತದೆ ಎಂದೆನಲ್ಲ, ಅದು ಡಬ್ಬಿಯ ಇ ಟರ್ಮಿನಲ್ ಅಥವಾ ಡಬ್ಬಿಯ ಕಾಲಿನ ಸ್ಕ್ರೂ ಮೂಲಕ. ಅಲ್ಲಿ ತುಕ್ಕು ಹಿಡಿದು 4 ಓಮ್ ತಡೆ ಸೇರಿಕೊಂಡಿದೆ, ಕಾಯಿಲ್ ಮತ್ತು ಅದರ ರೆಸಿಸ್ಟರ್ ಸೇರಿ 80 ಓಮ್ ಇದೆ ಎಂದಿಟ್ಟುಕೊಳ್ಳಿ. ಡೈನಮೋದ ವೋಲ್ಟೇಜಿನಲ್ಲಿ ಇಪ್ಪತ್ತೊಂದರಲ್ಲಿ ಒಂದು ಪಾಲು ತುಕ್ಕಿನಲ್ಲೇ ಕಳೆದುಹೋಗುತ್ತದೆ, ಕಾಯಿಲಿಗೆ ಅದು ಕಾಣುವುದೇ ಇಲ್ಲ. 14.5ರಲ್ಲಿ ನಿಲ್ಲಬೇಕಾದ್ದು 15.2ಕ್ಕೆ ಹೋಗಿ ನಿಲ್ಲುತ್ತದೆ. ಪಾಯಿಂಟ್ ಎಂದಿನಂತೆ ನಡುಗುತ್ತದೆ, ಝುಂಯ್ ಎನ್ನುತ್ತದೆ, ಎಲ್ಲವೂ ಸರಿಯಿರುವಂತೆ ಕಾಣುತ್ತದೆ, ಬ್ಯಾಟರಿ ಮಾತ್ರ ಕುದಿಯುತ್ತದೆ. ನಾನೇ ಒಮ್ಮೆ ಒಂದು ಡಬ್ಬಿಯ ಸ್ಕ್ರೂವನ್ನು ಮಧ್ಯಾಹ್ನ ಪೂರ್ತಿ ಹಿಂದೆ ಮುಂದೆ ತಿರುಗಿಸುತ್ತಾ ಕೂತಿದ್ದೆ. ಸಂಜೆ ನೋಡಿದರೆ ಕಾರಿಗೆ ಹೊಸ ಪೇಂಟ್ ಹೊಡೆದವರು ಡಬ್ಬಿಯ ಕಾಲಿನ ಕೆಳಗೂ ಅಚ್ಚುಕಟ್ಟಾಗಿ ಬಳಿದಿದ್ದರು. ಪೇಂಟ್ ಕೆರೆದು ಸ್ಕ್ರೂ ಬಿಗಿದಾಗ ಎಲ್ಲ ಸರಿಯಾಯಿತು. ಆಮೇಲೆ ನಾನು ಮಾಡಿದ್ದ ಸೆಟಿಂಗನ್ನೆಲ್ಲ ರದ್ದುಮಾಡಿ ಹೊಸದಾಗಿ ಮಾಡಬೇಕಾಯಿತು.

ಇನ್ನು ಹಗಲು ರಾತ್ರಿಯ ವ್ಯತ್ಯಾಸ. ನಿಮ್ಮ ಎರಡು ಕಾಯಿಲಿನ ಡಬ್ಬಿಯಲ್ಲಿ, ಸಣ್ಣ ತಂತಿಯ ಸುತ್ತುಗಳ ಮೇಲೆ ದಪ್ಪ ತಂತಿಯ ಕೆಲವೇ ಸುತ್ತುಗಳು ಕಾಣುತ್ತವೆ. ಡೈನಮೋ ಕೊಡುವ ಕರೆಂಟೆಲ್ಲ ಅದರ ಮೂಲಕ ಹಾದುಹೋಗುತ್ತದೆ. ಲೋಡ್ ಹೆಚ್ಚಾದರೆ ಆ ದಪ್ಪ ಸುತ್ತುಗಳೂ ನಾಲಗೆಯನ್ನು ಎಳೆಯಲು ಕೈಜೋಡಿಸುತ್ತವೆ, ಪಾಯಿಂಟ್ ಕಡಿಮೆ ವೋಲ್ಟೇಜಿನಲ್ಲೇ ತೆರೆಯುತ್ತದೆ. ಡೈನಮೋ ತನ್ನ ಶಕ್ತಿ ಮೀರಿ ಕರೆಂಟ್ ಕೊಟ್ಟು ಸುಟ್ಟುಹೋಗದಿರಲಿ ಎಂದು ಮಾಡಿದ ಏರ್ಪಾಡು ಇದು. ಬ್ರಿಟನ್ನಿನ ಲ್ಯೂಕಾಸ್ ಕಂಪನಿಯ ಆರ್‌ಬಿ106 ಎಂಬ ಡಬ್ಬಿ ಈ ಜಾತಿಯದ್ದು. ಹಗಲು ಲೈಟಿಲ್ಲ, ಬ್ಯಾಟರಿಯೂ ತುಂಬಿದೆ, ದಪ್ಪ ಸುತ್ತಿನಲ್ಲಿ ಕರೆಂಟ್ ಅತ್ಯಲ್ಪ; ವೋಲ್ಟೇಜ್ ತನ್ನ ಅತಿ ಎತ್ತರದ ಮಟ್ಟಕ್ಕೆ ಹೋಗಿ ನಿಲ್ಲುತ್ತದೆ. ರಾತ್ರಿ ಎರಡು ಹೆಡ್‌ಲೈಟು, ಹಿಂದಿನ ದೀಪ, ಇಗ್ನಿಷನ್ ಎಲ್ಲ ಸೇರಿ ಹನ್ನೆರಡು ಆ್ಯಂಪಿಯರಿನಷ್ಟು ಎಳೆದಾಗ ಮಟ್ಟ ಕೆಳಗೆ ಜಾರುತ್ತದೆ. ಅದಕ್ಕೇ ಹಗಲು ಕುದಿಯುವ ಬ್ಯಾಟರಿ ರಾತ್ರಿ ಶಾಂತ. ಕಾಯಿಲ್ ತುಂಡಾಗಿ ರೆಗ್ಯುಲೇಟರ್ ಪೂರ್ತಿ ಸತ್ತಿದ್ದರೆ ಪಾಯಿಂಟ್ ನಡುಗುತ್ತಲೇ ಇರಲಿಲ್ಲ, ವೇಗ ಏರಿಸಿದಂತೆ ಹೆಡ್‌ಲೈಟ್ ಕಣ್ಣು ಕೋರೈಸಿ ಬಲ್ಬ್ ಹೋಗುತ್ತಿತ್ತು.

ಈ ಇಳಿಜಾರಿನ ವಿನ್ಯಾಸಕ್ಕೆ ಒಂದು ಕೊರತೆಯಿದೆ: ಖಾಲಿ ಬ್ಯಾಟರಿಯನ್ನು ಅದು ನಿಧಾನವಾಗಿ ತುಂಬುತ್ತದೆ. ಆಮೇಲೆ ಬಂದ ಮೂರು ಕಾಯಿಲಿನ ಡಬ್ಬಿಗಳಲ್ಲಿ ಕರೆಂಟಿಗೆ ಬೇರೆ, ವೋಲ್ಟೇಜಿಗೆ ಬೇರೆ ಪಾಯಿಂಟುಗಳು. ಎರಡೂ ಒಂದೇ ಫೀಲ್ಡ್ ವೈರಿನ ಮೇಲೆ ಸಾಲಾಗಿ ಕೂತಿವೆ, ಯಾವುದು ತೆರೆದರೂ ರೆಸಿಸ್ಟರ್ ಒಳಗೆ ಬರುತ್ತದೆ. ಬ್ಯಾಟರಿ ಖಾಲಿಯಿರುವಷ್ಟು ಹೊತ್ತು ಕರೆಂಟಿನ ಪಾಯಿಂಟ್ ನಡುಗುತ್ತ ಡೈನಮೋದ ಗರಿಷ್ಠ ಶಕ್ತಿಯಲ್ಲಿ ತುಂಬಿಸುತ್ತದೆ, ಬ್ಯಾಟರಿ ತುಂಬಿ ವೋಲ್ಟೇಜ್ ಏರಿದ ಮೇಲೆ ಅದು ಸುಮ್ಮನಾಗಿ ವೋಲ್ಟೇಜಿನದು ನಡುಗತೊಡಗುತ್ತದೆ.

ನಿಮ್ಮ ಡಬ್ಬಿಯಲ್ಲಿ ಸುಮ್ಮನೆ ಮುಚ್ಚಿಕೊಂಡಿರುವ ಇನ್ನೊಂದು ಪಾಯಿಂಟ್ ಕಟೌಟ್. ಅದು ನಿಯಂತ್ರಣ ಮಾಡುವುದಿಲ್ಲ, ಬಾಗಿಲು ಕಾಯುತ್ತದೆ. ಇಂಜಿನ್ ನಿಂತಾಗ ಬ್ಯಾಟರಿಯ ಕರೆಂಟ್ ಡೈನಮೋದೊಳಗೆ ನುಗ್ಗದಂತೆ ದಾರಿ ಕಡಿಯುತ್ತದೆ, ಡೈನಮೋ 13 ವೋಲ್ಟಿನ ಆಸುಪಾಸಿಗೆ ಬಂದಾಗ ದಾರಿ ತೆರೆದುಕೊಡುತ್ತದೆ. ಇಂಜಿನ್ ಐಡಲಿಂಗಿನಲ್ಲಿರುವಾಗ ಚಾರ್ಜಿಂಗ್ ತೋರಿಸುವ ಕೆಂಪು ದೀಪ ಮಿನುಗುವುದು, ಹೆಡ್‌ಲೈಟ್ ಮಂಕಾಗುವುದು ದೋಷವಲ್ಲ. ಆ ವೇಗದಲ್ಲಿ ಡೈನಮೋಗೆ ಬಾಗಿಲು ತೆರೆಸುವಷ್ಟು ಬಲ ಬಂದಿರುವುದಿಲ್ಲ. ಆದರೆ ಇಂಜಿನ್ ನಿಲ್ಲಿಸಿದ ಮೇಲೂ ಈ ಪಾಯಿಂಟ್ ಅಂಟಿಕೊಂಡೇ ಇದ್ದರೆ ಯೋಚಿಸುತ್ತ ನಿಲ್ಲಬೇಡಿ, ಬ್ಯಾಟರಿಯ ವೈರ್ ಕಳಚಿ. ಬ್ಯಾಟರಿ ಡೈನಮೋವನ್ನು ಮೋಟಾರಿನಂತೆ ತಿರುಗಿಸಲು ಹೋಗುತ್ತದೆ, ಬೆಲ್ಟ್ ಬಿಡುವುದಿಲ್ಲ, ವೈರುಗಳು ಹೊಗೆಯಾಡುತ್ತವೆ.

ಈಗ ನಿಮ್ಮ ಕಾರಿಗೆ ಬರೋಣ. ನಾನಾದರೆ ಹೀಗೆ ಹೋಗುತ್ತಿದ್ದೆ. ಇಂಜಿನ್ ಮಧ್ಯಮ ವೇಗದಲ್ಲಿ ಓಡುತ್ತಿರಲಿ, ಲೈಟ್ ಆರಿರಲಿ. ಮೀಟರಿನ ಒಂದು ಮೊನೆಯನ್ನು ಡಬ್ಬಿಯ ಇ ಟರ್ಮಿನಲ್ಲಿಗೂ ಇನ್ನೊಂದನ್ನು ಡೈನಮೋದ ಮೈಗೂ ಹಿಡಿಯಿರಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ಕಂಡರೂ ಕಳ್ಳ ಸಿಕ್ಕಿದ ಹಾಗೆ. ಅಷ್ಟು ವೋಲ್ಟೇಜ್ ಕಾಯಿಲಿಗೆ ಕಾಣದೆ ತಪ್ಪಿಸಿಕೊಳ್ಳುತ್ತಿದೆ. ತುಕ್ಕು, ಪೇಂಟ್ ಕೆರೆದು ಬಿಗಿಮಾಡಿ, ಬೇಕಿದ್ದರೆ ಇ ಟರ್ಮಿನಲ್ಲಿನಿಂದ ಡೈನಮೋದ ಮೈಗೆ ಬೇರೆಯೇ ಒಂದು ವೈರ್ ಎಳೆಯಿರಿ.

ಅರ್ತ್ ಸರಿಯಿದೆ ಎಂದಾದರೆ ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜ್ ನೋಡಿ. ಅರ್ಧ ಗಂಟೆ ಓಡಿಸಿದ ಮೇಲೆ 14.5ರ ಒಳಗೇ ಇದ್ದೂ ನೀರು ಕುದಿಯುತ್ತಿದ್ದರೆ ತಪ್ಪು ಡಬ್ಬಿಯದಲ್ಲ, ಬ್ಯಾಟರಿಯದು. ಒಂದು ಸೆಲ್ ಒಳಗೇ ಶಾರ್ಟ್ ಆಗಿದ್ದರೆ ಉಳಿದ ಐದು ಸೆಲ್‌ಗಳ ಮೇಲೆ ಆರು ಸೆಲ್‌ಗಳ ವೋಲ್ಟೇಜ್ ಬೀಳುತ್ತದೆ, ಅವು ಕುದಿಯುತ್ತವೆ. ಪಾಪದ ರೆಗ್ಯುಲೇಟರಿನ ಸ್ಕ್ರೂ ತಿರುಗಿಸಿ ಅದನ್ನು ವಾಸಿಮಾಡಲಾಗದು.

ಎರಡೂ ಸರಿಯಿದ್ದು ವೋಲ್ಟೇಜ್ ನಿಜಕ್ಕೂ ಎತ್ತರದಲ್ಲಿದ್ದರೆ ಆಗ ಸೆಟಿಂಗ್ ಪರೀಕ್ಷೆ. ಬ್ಯಾಟರಿ ಸೇರಿದ್ದಾಗ ಸಿಗುವ ಅಂಕಿಯನ್ನು ನಂಬುವ ಹಾಗಿಲ್ಲ, ಅದರಲ್ಲಿ ಬ್ಯಾಟರಿಯ ಹಸಿವೂ ಬೆರೆತಿರುತ್ತದೆ. ಇಂಜಿನ್ ನಿಂತಿರುವಾಗ ಕಟೌಟಿನ ಪಾಯಿಂಟುಗಳ ನಡುವೆ ಒಂದು ರಟ್ಟಿನ ಚೂರು ಸಿಕ್ಕಿಸಿ. ಮೀಟರನ್ನು ಡಿ ಮತ್ತು ಇ ನಡುವೆ ಹಾಕಿ ಇಂಜಿನನ್ನು ನಿಧಾನವಾಗಿ ಏರಿಸಿ. ಮುಳ್ಳು ಏರುತ್ತ ಏರುತ್ತ ಒಂದು ಕಡೆ ಚಣ ಅಲುಗಾಡಿ ನಿಂತುಬಿಡುತ್ತದೆ. ನಿಂತ ಅಂಕಿಯೇ ಸೆಟಿಂಗ್. ನಿಮ್ಮ ಮಾದರಿಯ ಡಬ್ಬಿಗಳಲ್ಲಿ 20 ಡಿಗ್ರಿ ಹವೆಯಲ್ಲಿ ಅದು 16ರ ಆಸುಪಾಸು ಇರುತ್ತದೆ. 16 ಎಂದು ಗಾಬರಿಯಾಗಬೇಡಿ, ಇದು ಲೋಡ್ ಇಲ್ಲದ ಅಂಕಿ. ಕರೆಂಟ್ ಹರಿಯತೊಡಗಿದರೆ ದಪ್ಪ ಸುತ್ತು ಅದನ್ನು ಕೆಳಗಿಳಿಸುತ್ತದೆ. ಇದನ್ನು ತಿಳಿಯದೆ ಲೋಡಿಲ್ಲದಾಗಲೇ 14.2ಕ್ಕೆ ಇಳಿಸಿಟ್ಟು, ಆಮೇಲೆ ಬ್ಯಾಟರಿ ಚಾರ್ಜೇ ಆಗುತ್ತಿಲ್ಲ ಎಂದು ಡೈನಮೋ ಬಿಚ್ಚಿಸಿದವರನ್ನು ಕಂಡಿದ್ದೇನೆ. ನಿಮ್ಮ ಡಬ್ಬಿಯ ಖಚಿತ ಅಂಕಿಯನ್ನು ಅದರ ಕೈಪಿಡಿಯಲ್ಲೇ ನೋಡಿ, ಹವೆಗೆ ತಕ್ಕ ಬೇರೆ ಬೇರೆ ಅಂಕಿಗಳನ್ನು ಕೊಟ್ಟಿರುತ್ತಾರೆ.

ಈ ಪರೀಕ್ಷೆಗೆ ಹೆಚ್ಚು ಹೊತ್ತು ತೆಗೆದುಕೊಳ್ಳಬೇಡಿ. ಅರ್ಧ ನಿಮಿಷ ದಾಟಿದರೆ ಕಾಯಿಲ್ ಬಿಸಿಯಾಗಿ ಅಂಕಿ ಜಾರತೊಡಗುತ್ತದೆ. ನಿಲ್ಲಿಸಿ, ಆರಲು ಬಿಟ್ಟು, ಮತ್ತೆ ಶುರುಮಾಡಿ. ಡಿಜಿಟಲ್ ಮೀಟರು ಪಾಯಿಂಟಿನ ಕಿಡಿಗೆ ತಲೆಕೆಟ್ಟು ಏನೇನೋ ತೋರಿಸುವುದುಂಟು, ಮುಳ್ಳಿನ ಮೀಟರ್ ಇಲ್ಲಿ ಹೆಚ್ಚು ನಂಬಿಗಸ್ತ. ಸ್ಕ್ರೂ ತಿರುಗಿಸಲೇಬೇಕಾಗಿ ಬಂದರೆ ಲಾಕ್‌ನಟ್ ಸಡಿಲಿಸಿ ಕಾಲು ಸುತ್ತಿಗಿಂತಲೂ ಕಡಿಮೆ ತಿರುಗಿಸಿ. ಸ್ಪ್ರಿಂಗ್ ಬಿಗಿಯಾದರೆ ವೋಲ್ಟೇಜ್ ಹೆಚ್ಚು, ಸಡಿಲವಾದರೆ ಕಡಿಮೆ. ಕೊನೆಯ ಅಂಕಿಯನ್ನು ಮುಚ್ಚಳ ಹಾಕಿಯೇ ನೋಡಬೇಕು. ರಟ್ಟಿನ ಚೂರು ತೆಗೆಯುವುದನ್ನು ಮರೆಯಬೇಡಿ.

ಪಾಯಿಂಟ್ ಉಜ್ಜುವ ಬಗ್ಗೆ ನೀವು ಕೇಳಿಲ್ಲ, ಆದರೆ ಮುಚ್ಚಳ ತೆರೆದವರ ಕೈ ಅತ್ತ ಹೋಗಿಯೇ ಹೋಗುತ್ತದೆ. ನಡುಗುವ ಪಾಯಿಂಟ್ ಗಟ್ಟಿ ಲೋಹದ್ದು, ಅದಕ್ಕೆ ನುಣುಪಾದ ಕಾರ್ಬೊರಂಡಂ ಕಲ್ಲು ನಡೆಯುತ್ತದೆ. ಕಟೌಟಿನದು ಮೆತ್ತಗಿನ ಬೆಳ್ಳಿ. ಅದಕ್ಕೆ ಎಮರಿ ಪೇಪರ್ ಮುಟ್ಟಿಸಿದರೆ ಅದರ ಹರಳುಗಳು ಬೆಳ್ಳಿಯೊಳಗೆ ಹೂತುಕೊಂಡು ಮುಚ್ಚಿದಾಗಲೂ ಸರಿಯಾಗಿ ಕೂಡದಂತೆ ಮಾಡುತ್ತವೆ. ನಯವಾದ ಗ್ಲಾಸ್ ಪೇಪರ್ ಸಾಕು. ಎರಡನ್ನೂ ಕೊನೆಗೆ ಸ್ಪಿರಿಟಿನಿಂದ ಒರೆಸಿ.

ಡೈನಮೋ ತೆಗೆಸಿ ಆಲ್ಟರ್ನೇಟರ್ (ಈಗಿನ ಕಾರುಗಳಲ್ಲಿರುವ ಎಸಿ ಜನರೇಟರ್) ಹಾಕಿಸುವ ಯೋಚನೆ ನಿಮ್ಮ ತಲೆಯಲ್ಲಿ ಇದ್ದಿರಬಹುದು. ಒಂದು ಮಾತು ತಿಳಿದಿರಲಿ: 1960ರ ದಶಕದ ಎಷ್ಟೋ ಆಲ್ಟರ್ನೇಟರುಗಳನ್ನು ಹಿಡಿದಿಟ್ಟದ್ದೂ ಇಂಥದೇ ನಡುಗುವ ಪಾಯಿಂಟ್. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಿಲಿಕಾನ್ ಡಯೋಡುಗಳು ಬಾಗಿಲು ಕಾಯುವುದರಿಂದ ಕಟೌಟ್ ಬೇಡವಾಯಿತು. ಆಲ್ಟರ್ನೇಟರ್ ತನ್ನ ಕರೆಂಟನ್ನು ತಾನೇ ಮಿತಿಯಲ್ಲಿಡುವುದರಿಂದ ಕರೆಂಟಿನ ಪಾಯಿಂಟೂ ಬೇಡವಾಯಿತು. ಉಳಿದುಕೊಂಡ ವೋಲ್ಟೇಜಿನ ಪಾಯಿಂಟಿಗೆ ಕೆಲವರು ಮೇಲೊಂದು ಕೆಳಗೊಂದು ಎಂದು ಎರಡು ಸಂಪರ್ಕ ಕೊಟ್ಟರು: ಮೊದಲನೆಯದು ರೆಸಿಸ್ಟರನ್ನು ಒಳಗೆ ತರುತ್ತದೆ, ಅದೂ ಸಾಲದಷ್ಟು ವೇಗ ಬಂದಾಗ ಎರಡನೆಯದು ಫೀಲ್ಡನ್ನು ಪೂರ್ತಿ ಆರಿಸುತ್ತದೆ. ಅದನ್ನು ಕೊನೆಗೆ ಮನೆಗೆ ಕಳಿಸಿದ್ದು ಟ್ರಾನ್ಸಿಸ್ಟರ್.

ಒಂದು ವೇಳೆ ಡೈನಮೋ ಬಿಚ್ಚಿ ರಿಪೇರಿ ಮಾಡಿಸುವ ಹಾಗಾದರೆ, ತಿರುಗಿ ಕೂರಿಸಿದ ಮೇಲೆ ಇಂಜಿನ್ ಶುರುಮಾಡುವ ಮುಂಚೆ ಅದಕ್ಕೆ ಕಾಂತದ ದಿಕ್ಕನ್ನು ನೆನಪಿಸಬೇಕು. ನಿಮ್ಮಂಥ, ಫೀಲ್ಡಿನ ಒಂದು ತುದಿ ಡೈನಮೋದ ಒಳಗೇ ಅರ್ತ್ ಆಗಿರುವ ಏರ್ಪಾಡಿನಲ್ಲಿ ಎಫ್ ವೈರನ್ನು ಡೈನಮೋದಿಂದ ಕಳಚಿ, ಬ್ಯಾಟರಿಯ ಅರ್ತ್ ಅಲ್ಲದ ತುದಿಯಿಂದ ಬಂದ ವೈರಿನ ಮೊನೆಯನ್ನು ಡೈನಮೋದ ಎಫ್ ಟರ್ಮಿನಲ್ಲಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಎರಡು ಮೂರು ಸಲ ತಾಗಿಸಿ, ವೈರನ್ನು ಮತ್ತೆ ಸಿಕ್ಕಿಸಿ. ಹಳೆಯ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಅರ್ತ್ ಆಗಿರುವುದು ಸಾಮಾನ್ಯ, ಬ್ಯಾಟರಿ ಯಾವ ಕಡೆಯಿಂದ ಅರ್ತ್ ಆಗಿದೆ ಎಂದು ಮೊದಲೇ ನೋಡಿಕೊಳ್ಳಿ. ಫೀಲ್ಡ್ ರೆಗ್ಯುಲೇಟರಿನ ಮೂಲಕ ಅರ್ತ್ ಆಗುವ ಇನ್ನೊಂದು ಜಾತಿಯ ಡೈನಮೋಗಳಿಗೆ ಈ ವಿಧಾನ ಸಲ್ಲದು, ಅದಕ್ಕೆ ಬೇರೆ ಕ್ರಮವಿದೆ.